ಫಾರ್ಮ್ಯಾಟ್ ಒತ್ತುವ ಮುನ್ನ ತೆರೆದು ನೋಡಿ

ಮನೆಯ ಡೆಸ್ಕ್‌ಟಾಪ್‌ಗೆ ಹತ್ತು ವರ್ಷ. ಬಟನ್ ಒತ್ತಿ, ಚಹಾ ಮಾಡಿಕೊಂಡು ಬಂದರೂ ಪರದೆಯ ಮೇಲೆ ಚಕ್ರ ತಿರುಗುತ್ತಲೇ ಇರುತ್ತಿತ್ತು. ಹೊಸ ಕಂಪ್ಯೂಟರ್ ಬದಲು ಎಸ್‌ಎಸ್‌ಡಿ ಸಾಕೆಂದು ಒಂದು ಶನಿವಾರ ಲ್ಯಾಮಿಂಗ್ಟನ್ ರೋಡಿಗೆ ಹೋದೆ. ಬೆಂಗಳೂರಿಗೆ ಎಸ್.ಪಿ. ರಸ್ತೆ ಹೇಗೋ ಮುಂಬೈಗೆ ಇದು ಹಾಗೆ. ಅಂಗಡಿಯವರು 500 ಜಿಬಿಯ ಡ್ರೈವ್ ಕೊಟ್ಟು, ‘ಹಳೆಯ ಹಾರ್ಡ್‌ಡಿಸ್ಕನ್ನು ಫಾರ್ಮ್ಯಾಟ್ ಮಾಡಿ ಡಿ ಡ್ರೈವ್ ಆಗಿ ಬಳಸಿ’ ಎಂದರು. ಎಲ್ಲರೂ ಕೊಡುವ ಸಲಹೆಯೇ ಅದು. ಅದರಲ್ಲಿ ಅರ್ಧ ಸರಿ, ಉಳಿದರ್ಧ ಅಪಾಯ.

ಸರಿಯಾದ ಅರ್ಧ ಇಷ್ಟು. ಹಾರ್ಡ್‌ಡಿಸ್ಕಿನಲ್ಲಿ ನಿಮಿಷಕ್ಕೆ 7,200 ಸುತ್ತು ತಿರುಗುವ ತಟ್ಟೆ, ಅದರ ಮೇಲೆ ಅತ್ತಿತ್ತ ಓಡಾಡಿ ಫೈಲು ಹುಡುಕುವ ಕೈ. ವಿಂಡೋಸ್ ಶುರುವಾಗುವಾಗ ಸಾವಿರಾರು ಸಣ್ಣ ಫೈಲುಗಳಿಗಾಗಿ ಆ ಕೈ ಅಲೆಯಬೇಕು. ಎಸ್‌ಎಸ್‌ಡಿಯಲ್ಲಿ ಚಲಿಸುವ ಭಾಗವೇ ಇಲ್ಲ. ಸಾಮಾನ್ಯ ಸಾಟಾ ಎಸ್‌ಎಸ್‌ಡಿ ಕೂಡ ಸೆಕೆಂಡಿಗೆ 500 ಎಂಬಿಗೂ ಹೆಚ್ಚು ಓದುತ್ತದೆ. ಹಳೆಯ ಯಂತ್ರಕ್ಕೆ ಅಷ್ಟು ಧಾರಾಳ ಸಾಕು. ಎಂ.2 ಡ್ರೈವ್ ಹಾಕುವವರು ಮದರ್‌ಬೋರ್ಡಿನ ಕೈಪಿಡಿ ನೋಡಿಕೊಳ್ಳಬೇಕು. ಕೆಲವು ಬೋರ್ಡುಗಳಲ್ಲಿ ಆ ಜಾಗ ತುಂಬಿದರೆ ಒಂದೆರಡು ಸಾಟಾ ಪೋರ್ಟ್ ಕೆಲಸ ನಿಲ್ಲಿಸುತ್ತವೆ. ಆಗ ಹಳೆಯ ಡಿಸ್ಕ್ ಸತ್ತಿತೆಂದು ಗಾಬರಿಯಾಗುವವರಿದ್ದಾರೆ.

ಇನ್ನು ಅಪಾಯದ ಅರ್ಧ. ಹೊಸ ಡ್ರೈವಿಗೆ ವಿಂಡೋಸ್ ಹಾಕಿ, ಹಳೆಯದರಿಂದ ಫೋಟೊ, ಕಾಗದಪತ್ರ ಎಲ್ಲ ನಕಲಿಸಿದೆ. ಫಾರ್ಮ್ಯಾಟ್ ಮಾಡುವ ಮುನ್ನ ‘ಅಪ್ಪ’ ಎಂಬ ಫೋಲ್ಡರನ್ನು ಸುಮ್ಮನೆ ತೆರೆದೆ. ಪೌಂಡ್ ಚಿಹ್ನೆ, ತಲೆಯ ಮೇಲೆ ಗೆರೆ ಹೊತ್ತ ಇಂಗ್ಲಿಷ್ ಅಕ್ಷರಗಳ ರಾಶಿ. ಕೆಟ್ಟ ಫೈಲೆಂದು ಅಳಿಸಲು ಕೈ ಹೋಗಿತ್ತು. ಆಮೇಲೆ ನೆನಪಾಯಿತು: ಅಪ್ಪ ನಿವೃತ್ತಿಯ ನಂತರ ನಮ್ಮ ಮನೆಗೆ ಬಂದಿದ್ದಾಗ, ಇದೇ ಕಂಪ್ಯೂಟರಿನಲ್ಲಿ ನುಡಿ ಬಳಸಿ ಊರಿನ ನೆನಪುಗಳನ್ನು ಟೈಪ್ ಮಾಡುತ್ತಿದ್ದರು. ಅವರು ಈಗಿಲ್ಲ.

ಯೂನಿಕೋಡ್ ಬಳಕೆ ವ್ಯಾಪಕವಾಗುವ ಮೊದಲು ನುಡಿ, ಬರಹ, ಶ್ರೀಲಿಪಿಗಳಲ್ಲಿ ಟೈಪ್ ಮಾಡಿದ ಕನ್ನಡ, ಒಳಗೆ ಕನ್ನಡವಾಗಿ ಉಳಿದಿರುವುದಿಲ್ಲ. ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಜಾಗದಲ್ಲಿ ಕನ್ನಡದ ಆಕಾರ ಕೂರಿಸುವುದು ಫಾಂಟಿನ ಕೆಲಸ. ಫಾಂಟ್ ಇಲ್ಲದಿದ್ದರೆ ಓದಲಾಗದು. ಫೈಲುಗಳು ಹೊಸ ಡ್ರೈವಿಗೆ ಬಂದಿದ್ದವು. ಫಾಂಟುಗಳು ಹಳೆಯ ಡಿಸ್ಕಿನ ವಿಂಡೋಸ್ ಫೋಲ್ಡರಿನಲ್ಲೇ ಕೂತಿದ್ದವು. ಅವನ್ನು ತಂದು ಹಾಕಿದಾಗ ಅಪ್ಪನ ಸಾಲುಗಳು ಕಾಣಿಸಿಕೊಂಡವು. ಪರಿವರ್ತಕ ತಂತ್ರಾಂಶದಿಂದ ಯೂನಿಕೋಡಿಗೆ ಬದಲಿಸಿ, ತಪ್ಪಿದ ಒತ್ತಕ್ಷರಗಳನ್ನು ಕೂತು ತಿದ್ದಿದೆ. ಎರಡು ಭಾನುವಾರ ಹಿಡಿಯಿತು.

‘ಎಲ್ಲ ಕ್ಲೌಡಿನಲ್ಲಿದೆಯಲ್ಲ’ ಎನ್ನುವವರಿಗೆ ನನ್ನ ಉತ್ತರ: ಕ್ಲೌಡ್ ಕಾಯುವುದು ನೀವು ಹಾಕಿದ್ದನ್ನು ಮಾತ್ರ. ಓದಲಾಗದ ಫೈಲು ಅಲ್ಲಿಯೂ ಓದಲಾಗದ ಫೈಲೇ.

ಆದ್ದರಿಂದ ಕ್ರಮ ಹೀಗಿರಲಿ. ವಿಂಡೋಸ್ ಮತ್ತು ದಿನದ ಕೆಲಸ ಎಸ್‌ಎಸ್‌ಡಿಯಲ್ಲಿ. ಫೋಟೊ, ಬರಹ, ದಾಖಲೆಗಳ ಒಂದು ಪ್ರತಿ ಹಾರ್ಡ್‌ಡಿಸ್ಕಿನಲ್ಲಿ, ಇನ್ನೊಂದು ಮನೆಯ ಹೊರಗೆ. ಊರಿನ ಅಣ್ಣನ ಮನೆಯಾದರೂ ಸರಿ. ಎಸ್‌ಎಸ್‌ಡಿಯನ್ನು ವರ್ಷಗಟ್ಟಲೆ ಬೀರುವಿನಲ್ಲಿ ಇಡಬೇಡಿ. ವಿದ್ಯುತ್ ಸಿಗದೆ ಅದರೊಳಗಿನ ಚಾರ್ಜ್ ನಿಧಾನವಾಗಿ ಸೋರುತ್ತದೆ. ಅದರಿಂದ ಅಳಿಸಿದ್ದನ್ನು ಮರಳಿ ಪಡೆಯುವುದೂ ಹಾರ್ಡ್‌ಡಿಸ್ಕಿಗಿಂತ ಕಷ್ಟ. ಹಳೆಯ ಕನ್ನಡ ಫೈಲುಗಳನ್ನು ಒಂದೊಂದಾಗಿ ತೆರೆದು, ಯೂನಿಕೋಡಿಗೆ ಬದಲಿಸಿ. ಅಲ್ಲಿಯವರೆಗೆ ಹಳೆಯ ಡಿಸ್ಕಿಗೆ ಕೈ ಹಚ್ಚಬೇಡಿ.

ಹೊರನಾಡಿನ ನಮ್ಮ ಎಷ್ಟೋ ಮನೆಗಳಲ್ಲಿ ಹಿರಿಯರ ಕನ್ನಡ ಇಂಥ ಹಳೆಯ ಡಿಸ್ಕುಗಳಲ್ಲೇ ಉಳಿದಿರಬಹುದು. ಮಕ್ಕಳಿಗೆ ಅದನ್ನು ಗುರುತಿಸಲು ಬಾರದು. ನಮಗಿನ್ನೂ ಬರುತ್ತದೆ. ಕಂಪ್ಯೂಟರ್ ಈಗ ಅರ್ಧ ನಿಮಿಷದಲ್ಲಿ ಶುರುವಾಗುತ್ತದೆ, ಅದು ಸಂತೋಷವೇ. ಆದರೆ ನನ್ನ ಹಳೆಯ ಡಿಸ್ಕ್ ಇನ್ನೂ ಫಾರ್ಮ್ಯಾಟ್ ಆಗಿಲ್ಲ. ‘ಅಪ್ಪ’ ಫೋಲ್ಡರಿನಲ್ಲಿ ಇನ್ನೂ ಏಳು ಫೈಲು ಬಾಕಿಯಿವೆ.