ವಲಸೆಗೆ ಇಂಗ್ಲಿಷ್ ಪರೀಕ್ಷೆ: ಸಲಹೆ ಕೊಡಬೇಕಾದವರು ಯಾರು?



ಬೆಂಗಳೂರಿನ ವಿಜಯನಗರದಿಂದ ಮಂಗಳೂರು, ಹುಬ್ಬಳ್ಳಿಯವರೆಗೆ ಗೋಡೆಗಳ ಮೇಲೆ, ಫ್ಲೆಕ್ಸ್‌ಗಳಲ್ಲಿ, ಪತ್ರಿಕೆಗಳ ಶಿಕ್ಷಣ ಪುರವಣಿಗಳಲ್ಲಿ ಕಾಣುವ ಜಾಹೀರಾತುಗಳ ಮಾತು ಹೆಚ್ಚುಕಡಿಮೆ ಒಂದೇ: ಐಇಎಲ್‌ಟಿಎಸ್ ಕಷ್ಟ, ಪಿಟಿಇ ಸುಲಭ, ಸ್ಕೋರ್ ಗ್ಯಾರಂಟಿ. ಹೊರದೇಶದಲ್ಲಿ ನೆಲೆಸಲು ಹೊರಟವರು ಯಾವ ಇಂಗ್ಲಿಷ್ ಪರೀಕ್ಷೆ ಬರೆಯಬೇಕು ಎಂಬುದನ್ನು ನಮ್ಮಲ್ಲಿ ಇಂಥ ಜಾಹೀರಾತುಗಳೇ ತೀರ್ಮಾನಿಸುತ್ತಿವೆ. ತೀರ್ಮಾನ ತಪ್ಪಿದರೆ ಅಭ್ಯರ್ಥಿಯ ದುಡ್ಡೂ ಹೋಗುತ್ತದೆ, ವಯಸ್ಸೂ ಹೋಗುತ್ತದೆ. ಫೀಸು ಕಟ್ಟಿಸಿಕೊಂಡವರು ಕಳೆದುಕೊಳ್ಳುವುದು ಏನೂ ಇಲ್ಲ.

ಕೆನಡಾವನ್ನೇ ನೋಡಿ. 2015ರ ಜನವರಿಯಿಂದ ಅಲ್ಲಿ ಎಕ್ಸ್‌ಪ್ರೆಸ್ ಎಂಟ್ರಿ ಎಂಬ ಅಂಕ ಪದ್ಧತಿಯಿದೆ. ಅದಕ್ಕೆ ಐಇಎಲ್‌ಟಿಎಸ್ ನಡೆಯುತ್ತದೆ, ಆದರೆ ಜನರಲ್ ಟ್ರೈನಿಂಗ್ ಮಾತ್ರ, ಅಕಾಡೆಮಿಕ್ ನಡೆಯುವುದಿಲ್ಲ. ಸೆಲ್ಪಿಪ್ ಎಂಬ ಇನ್ನೊಂದು ಪರೀಕ್ಷೆಯಲ್ಲಿ ‘ಜನರಲ್’ ನಡೆಯುತ್ತದೆ, ಪೌರತ್ವದ ಅರ್ಜಿಗೆಂದು ಇರುವ ‘ಜನರಲ್ ಎಲ್‌ಎಸ್’ ನಡೆಯುವುದಿಲ್ಲ. 2024ರ ಜನವರಿ ಕೊನೆಯಿಂದ ಪಿಟಿಇಯನ್ನೂ ಒಪ್ಪುತ್ತಿದ್ದಾರೆ, ಅದೂ ‘ಪಿಟಿಇ ಕೋರ್’. ಆಸ್ಟ್ರೇಲಿಯಾದ ವಲಸೆಗೆ ಬೇಕಾಗುವುದು ‘ಪಿಟಿಇ ಅಕಾಡೆಮಿಕ್’. ಹೆಸರು ಒಂದೇ, ಕಂಪನಿ ಒಂದೇ, ಎಷ್ಟೋ ಸಲ ಪರೀಕ್ಷಾ ಕೇಂದ್ರವೂ ಒಂದೇ. ಬುಕ್ ಮಾಡುವಾಗ ಪರದೆಯ ಮೇಲೆ ಒಂದು ಆಯ್ಕೆ ತಪ್ಪಾಗಿ ಒತ್ತಿದರೆ ಎಷ್ಟೇ ಒಳ್ಳೆಯ ಅಂಕ ಬಂದರೂ ಆ ಕಾಗದ ಅಲ್ಲಿ ಕೆಲಸಕ್ಕೆ ಬಾರದು. ಐಇಎಲ್‌ಟಿಎಸ್‌ಗೆ ಈಗ ಹದಿನೇಳು ಹದಿನೆಂಟು ಸಾವಿರ ರೂಪಾಯಿ ಶುಲ್ಕವಿದೆ. ಮೊದಲ ಕೆಲಸಕ್ಕೆ ಸೇರಿದ ಎಷ್ಟೋ ಮಂದಿಗೆ ಅದು ತಿಂಗಳ ಸಂಬಳ.

ಸುಲಭ ಎನ್ನುವ ಮಾತನ್ನೂ ಅಂಕದ ಲೆಕ್ಕದಲ್ಲಿಟ್ಟು ನೋಡಬೇಕು. ಕೆನಡಾ ಎಲ್ಲ ಪರೀಕ್ಷೆಗಳನ್ನೂ ಸಿಎಲ್‌ಬಿ ಎಂಬ ತನ್ನದೇ ಅಳತೆಗೆ ತರುತ್ತದೆ. ಸಿಎಲ್‌ಬಿ 9 ಆಗಬೇಕಾದರೆ ಐಇಎಲ್‌ಟಿಎಸ್‌ನಲ್ಲಿ ಆಲಿಸುವುದಕ್ಕೆ 8, ಓದು, ಬರಹ, ಮಾತಿಗೆ ತಲಾ 7 ಬ್ಯಾಂಡ್ ಬೇಕು. ಅದೇ ಮಟ್ಟಕ್ಕೆ ಪಿಟಿಇ ಕೋರ್‌ನ ಬರಹದಲ್ಲಿ 90ಕ್ಕೆ 88 ಅಂಕ ಬೇಕು. ಸುಲಭವೆಂದು ನಂಬಿ ಬಂದವರಿಗೆ ಈ 88ನ್ನು ಮೊದಲ ದಿನವೇ ಹೇಳುವ ಕೇಂದ್ರಗಳು ಎಷ್ಟಿವೆ?

ಎಂ.ಟೆಕ್ ಮುಗಿಸಿ ಬೆಂಗಳೂರಿನಲ್ಲಿ ಮೂರು ವರ್ಷ ಕೆಲಸ ಮಾಡಿದ, ಮದುವೆಯಾಗದ ಅಭ್ಯರ್ಥಿಯೊಬ್ಬಳನ್ನು ತೆಗೆದುಕೊಳ್ಳಿ. ಐಇಎಲ್‌ಟಿಎಸ್‌ನ ಮೂರು ವಿಭಾಗಗಳಲ್ಲಿ ಬೇಕಾದ ಬ್ಯಾಂಡ್ ಬಂದಿದೆ, ಬರಹದಲ್ಲಿ ಮಾತ್ರ 7ರ ಬದಲು 6.5. ಎಕ್ಸ್‌ಪ್ರೆಸ್ ಎಂಟ್ರಿಯಲ್ಲಿ ಬರಹಕ್ಕೆ ಸಿಗಬೇಕಿದ್ದ 31 ಅಂಕ 23ಕ್ಕೆ ಇಳಿಯುತ್ತದೆ. ಅಷ್ಟಕ್ಕೇ ಮುಗಿಯುವುದಿಲ್ಲ. ವಿದ್ಯಾರ್ಹತೆ ಮತ್ತು ಭಾಷೆ ಎರಡೂ ಸೇರಿ ಕೊಡುವ 50 ಅಂಕ 25 ಆಗುತ್ತದೆ, ಅನುಭವ ಮತ್ತು ಭಾಷೆ ಸೇರಿ ಕೊಡುವ 50 ಕೂಡ 25 ಆಗುತ್ತದೆ. ಅರ್ಧ ಬ್ಯಾಂಡಿಗೆ ಒಟ್ಟು 58 ಅಂಕ ಹೋಯಿತು. ಕೆಲಸದ ಆಫರ್ ಇದ್ದವರಿಗೆ ಸಿಗುತ್ತಿದ್ದ ಹೆಚ್ಚುವರಿ ಅಂಕಗಳನ್ನು 2025ರ ಮಾರ್ಚ್‌ನಲ್ಲಿ ತೆಗೆದುಹಾಕಿದ ಮೇಲಂತೂ ಇದನ್ನು ತುಂಬಿಕೊಳ್ಳುವ ದಾರಿಗಳು ಇನ್ನೂ ಕಡಿಮೆಯಾಗಿವೆ. ಮತ್ತೆ ಪರೀಕ್ಷೆ ಕಟ್ಟಿ ತಿಂಗಳುಗಳು ಉರುಳುವಾಗ ವಯಸ್ಸಿನ ಅಂಕವೂ ಕರಗುತ್ತದೆ: 29ರವರೆಗೆ 110, 30ಕ್ಕೆ 105, 31ಕ್ಕೆ 99, 32ಕ್ಕೆ 94. ಇಂಥವರಿಗೆ ಫ್ರೆಂಚ್ ಕಲಿಯುವ ದಾರಿಯೂ ಇದೆ ಎಂದು ಹೇಳುವ ಏಜೆಂಟರು ವಿರಳ. 2024ರ ಫೆಬ್ರವರಿ ಕೊನೆಯಲ್ಲಿ ಅಭ್ಯರ್ಥಿಗಳನ್ನು ಆರಿಸುವ ಸಾಮಾನ್ಯ ಡ್ರಾದ ಕಟ್‌ಆಫ್ 500 ದಾಟಿದ್ದಾಗ ಫ್ರೆಂಚ್ ಬಲ್ಲವರ ಡ್ರಾ 336ಕ್ಕೆ ನಿಂತಿತ್ತು. ಬೆಂಗಳೂರಿನ ವಸಂತನಗರದ ಅಲಿಯಾನ್ಸ್ ಫ್ರಾಂಸೇಸ್ ಹಲವು ದಶಕಗಳಿಂದ ಆ ಭಾಷೆ ಕಲಿಸುತ್ತಿದೆ.

ನರ್ಸ್‌ಗಳ ಪರಿಸ್ಥಿತಿ ಇನ್ನೂ ಸಂಕಟದ್ದು. ಬ್ರಿಟನ್‌ಗೆ ಹೊರಟ ನರ್ಸ್ ಮೊದಲು ಅಲ್ಲಿನ ನರ್ಸಿಂಗ್ ಮಂಡಳಿ ಎನ್‌ಎಂಸಿಯನ್ನು ಒಪ್ಪಿಸಬೇಕು. ಅದು ಐಇಎಲ್‌ಟಿಎಸ್ ಅಕಾಡೆಮಿಕ್ ಅನ್ನೂ ಒಪ್ಪುತ್ತದೆ, ಆರೋಗ್ಯ ಸಿಬ್ಬಂದಿಗೆಂದೇ ರೂಪಿಸಿದ ಓಇಟಿಯನ್ನೂ ಒಪ್ಪುತ್ತದೆ. ಒಂದರಲ್ಲಿ ಗ್ರಾಫ್ ನೋಡಿ ವರದಿ ಬರೆಯಬೇಕು, ಪ್ರಬಂಧ ಬರೆಯಬೇಕು. ಇನ್ನೊಂದರಲ್ಲಿ ರೋಗಿಯ ಕೇಸ್ ಟಿಪ್ಪಣಿ ಓದಿ ಇನ್ನೊಬ್ಬ ವೈದ್ಯರಿಗೋ ನರ್ಸ್‌ಗೋ ಪತ್ರ ಬರೆಯಬೇಕು. ಗಾಬರಿಯಾದ ರೋಗಿಯನ್ನು ಸಮಾಧಾನಪಡಿಸುವಂಥ ಸಂಭಾಷಣೆ ನಡೆಸಬೇಕು. ನಾಲ್ಕೈದು ವರ್ಷ ವಾರ್ಡಿನಲ್ಲಿ ದುಡಿದವರಿಗೆ ಎರಡನೆಯದು ದಿನನಿತ್ಯದ ಕೆಲಸ. ಅದರ ಶುಲ್ಕ ಹೆಚ್ಚುಕಡಿಮೆ ದುಪ್ಪಟ್ಟು ಎಂಬುದೂ ನಿಜ, ಹಾಗಾಗಿ ಯೋಚಿಸಿಯೇ ಆರಿಸಬೇಕು. ಎನ್‌ಎಂಸಿ ಒಪ್ಪಿದ ಮೇಲೆ ವೀಸಾಕ್ಕೆಂದು ನರ್ಸ್ ಮತ್ತೊಂದು ಇಂಗ್ಲಿಷ್ ಪರೀಕ್ಷೆ ಬರೆಯಬೇಕಾಗಿಲ್ಲ. ಇದು ಗೊತ್ತಿಲ್ಲದವರಿಗೆ ‘ಯುಕೆವಿಐ’ ಹೆಸರಿನ ಇನ್ನೊಂದು ಪರೀಕ್ಷೆಯ ತರಬೇತಿ ಮಾರುವುದು ಮೋಸವಲ್ಲದೆ ಬೇರೇನು?

ಪರೀಕ್ಷೆ ಅಭ್ಯರ್ಥಿಯ ಸ್ವಭಾವಕ್ಕೂ ಹೊಂದಬೇಕು. ಐಇಎಲ್‌ಟಿಎಸ್‌ನಲ್ಲಿ ಮಾತಿನ ಪರೀಕ್ಷೆ ಪರೀಕ್ಷಕರೊಬ್ಬರ ಎದುರು 11ರಿಂದ 14 ನಿಮಿಷ ನಡೆಯುತ್ತದೆ. ಸೆಲ್ಪಿಪ್, ಪಿಟಿಇಯಲ್ಲಿ ಹೆಡ್‌ಫೋನ್ ಹಾಕಿಕೊಂಡು, ಸುತ್ತ ಹತ್ತಾರು ಜನ ಒಟ್ಟಿಗೆ ಮಾತನಾಡುವ ಸದ್ದಿನ ನಡುವೆ, ಕಂಪ್ಯೂಟರ್‌ಗೆ ಉತ್ತರಿಸಬೇಕು. ಕೆಲವರು ಮನುಷ್ಯರ ಮುಖ ಕಂಡರೆ ತಡವರಿಸುತ್ತಾರೆ, ಕೆಲವರು ಪರದೆಯ ಮುಂದೆ ಮಂಕಾಗುತ್ತಾರೆ. 2017ರಲ್ಲಿ ಆಸ್ಟ್ರೇಲಿಯಾದಲ್ಲಿದ್ದ ಐರ್ಲೆಂಡಿನ ಪಶುವೈದ್ಯೆಯೊಬ್ಬರು, ಇಂಗ್ಲಿಷನ್ನೇ ಮಾತೃಭಾಷೆಯಾಗಿ ಉಳ್ಳವರು, ಪಿಟಿಇಯ ಮಾತಿನ ಭಾಗದಲ್ಲಿ ವೀಸಾಕ್ಕೆ ಬೇಕಾದ ಅಂಕ ಗಳಿಸಲಾಗದ ಸುದ್ದಿ ದೊಡ್ಡದಾಗಿತ್ತು. ಪಿಟಿಇ ನಡೆಸುವ ಕಂಪನಿ ತನ್ನ ಯಂತ್ರದ ಮೌಲ್ಯಮಾಪನವನ್ನು ಸಮರ್ಥಿಸಿಕೊಂಡಿತು. ಯಾವುದಕ್ಕೂ ದುಡ್ಡು ಕಟ್ಟುವ ಮುಂಚೆ ಎರಡೂ ಬಗೆಯ ಮಾದರಿ ಪರೀಕ್ಷೆಯನ್ನು ಮನೆಯಲ್ಲೇ ಬರೆದು ನೋಡಿ ಎಂಬ ಸಲಹೆಯಾದರೂ ಎಲ್ಲರಿಗೂ ಸಿಗಬೇಕಲ್ಲವೇ?

ಇನ್ನು ‘ಗ್ಯಾರಂಟಿ’ಯ ಮಾತು ಎಲ್ಲಿಗೆ ಮುಟ್ಟಬಹುದೆಂದು ನೋಡಿ. 2014ರಲ್ಲಿ ಬ್ರಿಟನ್‌ನ ಟೋಯಿಕ್ ಎಂಬ ಇಂಗ್ಲಿಷ್ ಪರೀಕ್ಷೆಯ ಕೆಲವು ಕೇಂದ್ರಗಳಲ್ಲಿ ಬದಲಿ ಅಭ್ಯರ್ಥಿಗಳು ಪರೀಕ್ಷೆ ಬರೆಯುತ್ತಿದ್ದುದನ್ನು ಬಿಬಿಸಿ ಬಯಲು ಮಾಡಿತು. ಪರೀಕ್ಷೆ ನಡೆಸಿದ ಇಟಿಎಸ್ ಸಂಸ್ಥೆ 58 ಸಾವಿರಕ್ಕೂ ಹೆಚ್ಚು ಫಲಿತಾಂಶಗಳನ್ನು ಪರಿಶೀಲಿಸಿ ಶೇ 97ರಷ್ಟನ್ನು ಅಸಿಂಧು ಅಥವಾ ಅನುಮಾನಾಸ್ಪದ ಎಂದಿತು. ಸಾವಿರಾರು ವಿದ್ಯಾರ್ಥಿಗಳು ವೀಸಾ ಕಳೆದುಕೊಂಡರು, ಭಾರತೀಯರೂ ಅವರಲ್ಲಿದ್ದರು. ನಿರಪರಾಧಿಗಳನ್ನು ಕಾಪಾಡುವತ್ತ ಸರ್ಕಾರ ಸಾಕಷ್ಟು ಗಮನ ಕೊಡಲಿಲ್ಲವೆಂದು ಅಲ್ಲಿನ ಲೆಕ್ಕಪರಿಶೋಧನಾ ಕಚೇರಿಯೇ 2019ರಲ್ಲಿ ಹೇಳಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಕಥೆ ಅದು. ಯಾರೋ ಕೊಟ್ಟ ಗ್ಯಾರಂಟಿಗೆ ದಂಡ ತೆತ್ತವರಲ್ಲಿ ತಮ್ಮ ಸ್ವಂತ ಬಲದಿಂದ ಪಾಸಾದವರೂ ಇದ್ದರು. ಪ್ರಾಮಾಣಿಕವಾಗಿ ನಡೆಸಿದ ಪರೀಕ್ಷೆಯಲ್ಲೂ ಎಡವಟ್ಟಾಗುತ್ತದೆ: 2023ರ ಆಗಸ್ಟ್‌ನಿಂದ 2025ರ ಸೆಪ್ಟೆಂಬರ್‌ವರೆಗಿನ ಕೆಲವು ಫಲಿತಾಂಶಗಳು ತಾಂತ್ರಿಕ ದೋಷದಿಂದ ತಪ್ಪಾಗಿದ್ದವೆಂದು ಐಇಎಲ್‌ಟಿಎಸ್ ಒಪ್ಪಿಕೊಂಡಿದೆ. ಫಲಿತಾಂಶದ ಬಗ್ಗೆ ಅನುಮಾನ ಬಂದರೆ ಆರು ವಾರದೊಳಗೆ ಮರುಮೌಲ್ಯಮಾಪನ ಕೇಳಬಹುದು, ಅಂಕ ಬದಲಾದರೆ ಕಟ್ಟಿದ ಹಣ ವಾಪಸ್ ಬರುತ್ತದೆ. ಇದನ್ನು ತಿಳಿಸದೆ ಇನ್ನೊಂದು ಬ್ಯಾಚಿಗೆ ಸೇರಿಸಿಕೊಳ್ಳುವ ಕೇಂದ್ರಗಳ ಮೇಲೆ ಯಾರ ಕಣ್ಣೂ ಇಲ್ಲ.

ಪಕ್ಕದ ಕೇರಳದಲ್ಲಿ ಸರ್ಕಾರಿ ಸಂಸ್ಥೆ ನೋರ್ಕಾದ ಭಾಷಾ ಕೇಂದ್ರ ನರ್ಸ್‌ಗಳಿಗೆ ಓಇಟಿ, ಐಇಎಲ್‌ಟಿಎಸ್, ಜರ್ಮನ್ ತರಬೇತಿಯನ್ನು ರಿಯಾಯಿತಿ ದರದಲ್ಲಿ ಕೊಡುತ್ತಿದೆ. ಕರ್ನಾಟಕದಲ್ಲೂ ಕೌಶಲ್ಯಾಭಿವೃದ್ಧಿ ನಿಗಮದಡಿ ಅಂತರರಾಷ್ಟ್ರೀಯ ವಲಸೆ ಕೇಂದ್ರವಿದೆ. ಯಾವ ದೇಶ, ಯಾವ ವೃತ್ತಿಗೆ ಯಾವ ಪರೀಕ್ಷೆ, ಎಷ್ಟು ಅಂಕ, ಫಲಿತಾಂಶಕ್ಕೆ ಎಷ್ಟು ವರ್ಷ ಮಾನ್ಯತೆ ಎಂಬ ಪಟ್ಟಿಯನ್ನು ಆ ಕೇಂದ್ರ ಕನ್ನಡದಲ್ಲಿ ಸಿದ್ಧಪಡಿಸಿ, ನಿಯಮ ಬದಲಾದಾಗಲೆಲ್ಲ ತಿದ್ದಿ ಪ್ರಕಟಿಸಬೇಕು. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಮತ್ತು ವಿಟಿಯು ಅದನ್ನು ತಮ್ಮ ಕಾಲೇಜುಗಳ ಅಂತಿಮ ವರ್ಷದ ತರಗತಿಗಳಿಗೆ ತಲುಪಿಸಬೇಕು. ಸಂಪಾದಕರೇ, ನಿಮ್ಮ ಪತ್ರಿಕೆಯೂ ಆ ಪಟ್ಟಿಯನ್ನು ಪುರವಣಿಯಲ್ಲಿ ಅಚ್ಚು ಹಾಕಲಿ, ‘ಸ್ಕೋರ್ ಗ್ಯಾರಂಟಿ’ ಎನ್ನುವ ಜಾಹೀರಾತುಗಳನ್ನು ಇನ್ನು ಮುಂದೆ ಪಡೆಯದಿರಲಿ ಎಂಬುದು ಈ ಪತ್ರದ ಕೋರಿಕೆ.

ಇಂತಿ,
ಓದುಗರೊಬ್ಬರು, ಬೆಂಗಳೂರು