ಒಂದು ಬ್ರಾಕೆಟ್ಟಿಗೆ ಇಷ್ಟು ರಾದ್ಧಾಂತವೇ?

“ಒಂದು ಜೊತೆ ಬ್ರಾಕೆಟ್ ಹಾಕಿದ್ದಕ್ಕೆ ಪ್ಯಾಚ್ ಅಂತೆ, ಮೇಲೆ ಹೆಸರು ಬೇರೆ ಬೇಕಂತೆ!” ಮುಕ್ತ ತಂತ್ರಾಂಶಕ್ಕೆ ಹೊಸದಾಗಿ ಕೈಹಚ್ಚಿದವರನ್ನು ಹೀಗೆ ಆಡಿಕೊಳ್ಳುವ ಹಿರಿತಲೆಗಳು ಬೇಕಾದಷ್ಟಿವೆ. ಆ ಬ್ರಾಕೆಟ್ ಏನು ಮಾಡುತ್ತೆ ಅಂತ ನೋಡೋಣ ಬನ್ನಿ.

ಗಿಂಪ್‌ನಂಥ ಚಿತ್ರ ತಿದ್ದುವ ತಂತ್ರಾಂಶಗಳಲ್ಲಿ ಚಿತ್ರ ಪದರ ಪದರವಾಗಿರುತ್ತದೆ. ಇಂಥ ಪದರದ ಗುಣಗಳನ್ನೆಲ್ಲ ಒಂದೇ ಸಂಖ್ಯೆಯ ಬಿಟ್‌ಗಳಲ್ಲಿ ತುಂಬಿಡುವುದು ಸಿ ಭಾಷೆಯವರ ಹಳೇ ರೂಢಿ. 1 ಅಂದರೆ ಪಾರದರ್ಶಕ, 2 ಅಂದರೆ ಮರೆಯಲ್ಲಿದೆ, 4 ಅಂದರೆ ಬೀಗ ಹಾಕಿದೆ ಅಂತಿಟ್ಟುಕೊಳ್ಳಿ. ಬೀಗ ಇದೆಯೇ ಅಂತ ಕೇಳಲು ಒಬ್ಬ ಹೀಗೆ ಬರೆಯುತ್ತಾನೆ:

(ಗುರುತು & 4 == 4)

ಕಣ್ಣಿಗೆ ಸರಿಯಾಗೇ ಕಾಣುತ್ತೆ, ಅಲ್ವಾ? ಆದರೆ ಸಿ ಭಾಷೆಯಲ್ಲಿ ಮೊದಲ ಮಣೆ == ಗೆ. 4 == 4 ಅನ್ನುವುದು ಮೊದಲು 1 ಆಗಿ, ಉಳಿಯುವುದು (ಗುರುತು & 1). ಬೀಗ ಇದೆಯಾ ಅಂದರೆ ಪಾರದರ್ಶಕವೋ ಅಲ್ಲವೋ ಅಂತ ಉತ್ತರ! ಪಾರದರ್ಶಕವಲ್ಲದ ಪದರಕ್ಕೆ ನೀವು ಬೀಗ ಜಡಿದಿದ್ದರೂ ಕುಂಚ ಸರಾಗವಾಗಿ ಅದರ ಮೇಲೆ ಓಡಾಡುತ್ತದೆ. ರಾತ್ರಿಯೆಲ್ಲ ಕೂತು ಬಿಡಿಸಿದ್ದು ಹಾಳಾದವರು ಬೈದುಕೊಳ್ಳುವುದು ತಮ್ಮನ್ನೇ, ಬೀಗ ಹಾಕೋದು ಮರೆತೆನೇನೋ ಅಂತ.

ಇನ್ನು ಕೆಲವರು & ಗೋಜೇ ಬೇಡ ಅಂತ (ಗುರುತು == 4) ಬರೆಯುತ್ತಾರೆ. ಇದು ಇನ್ನೂ ಮೋಸದ್ದು. ಬೀಗ ಒಂದೇ ಇದ್ದಾಗ ಸರಿ. ಜೊತೆಗೆ ಇನ್ನೊಂದು ಗುಣ ಸೇರಿ 5 ಅಥವಾ 6 ಆಯಿತೋ, ಬೀಗ ಮಾಯ.

ಪ್ರಿಸಿಡೆನ್ಸ್ ಟೇಬಲ್ ಬಾಯಿಪಾಠ ಇಲ್ಲದವ ಪ್ರೋಗ್ರಾಮರ್ರೇ ಅಲ್ಲ ಅನ್ನುವ ಪಂಡಿತರೇ, ಸಿ ಕಟ್ಟಿದ ಡೆನ್ನಿಸ್ ರಿಚಿಯವರೇ 1993ರ ಲೇಖನದಲ್ಲಿ ಈ ಕ್ರಮವನ್ನು ಬದಲಿಸಿದ್ದರೆ ಚೆನ್ನಾಗಿತ್ತು ಅಂದಿದ್ದಾರೆ. ಹಿಂದಿನ ಬಿ ಭಾಷೆಯಲ್ಲಿ && ಇರಲಿಲ್ಲ, ಷರತ್ತು ಜೋಡಿಸುವುದಕ್ಕೂ & ಒಂದೇ. && ಬಂದ ಮೇಲೂ & ಅನ್ನು ಇದ್ದಲ್ಲೇ ಬಿಟ್ಟರು. ಪೈಥಾನ್, ಗೋ, ರಸ್ಟ್ ಭಾಷೆಗಳು ಇದನ್ನು ಸರಿಮಾಡಿಕೊಂಡಿವೆ. ಸಿ ಮಾತ್ರ ಹಾಗೇ ಇದೆ.

ಬ್ರಾಕೆಟ್ ಹಾಕಿದ ಮಾತ್ರಕ್ಕೆ ಕೆಲಸ ಮುಗಿಯುವುದೂ ಇಲ್ಲ. ಎರಡು ಗುಣ ಒಟ್ಟಿಗಿರುವಾಗಿನ ಪರೀಕ್ಷೆ ಬರೆಯಬೇಕು, ಅದೇ ಸಾಲು ಬೇರೆಲ್ಲೆಲ್ಲಿ ನಕಲಾಗಿದೆಯೋ ಹುಡುಕಬೇಕು. ಮೊದಲ ನಮೂನೆಯ ತಪ್ಪನ್ನು ಜಿಸಿಸಿ, ಡಬ್ಲ್ಯೂ-ಆಲ್ ಆಯ್ಕೆ ಕೊಟ್ಟರೆ, ತಾನೇ ಎಚ್ಚರಿಸುತ್ತದೆ (ಆ ಎಚ್ಚರಿಕೆಗಳನ್ನು ಓದುವ ಪುಣ್ಯಾತ್ಮರು ಎಷ್ಟು ಜನವೋ!). ಎರಡನೆಯದಕ್ಕೆ ಆ ಎಚ್ಚರಿಕೆಯೂ ಇಲ್ಲ, ಯಾಕೆಂದರೆ ಅದು ವ್ಯಾಕರಣಬದ್ಧವಾಗಿಯೇ ಇದೆ. ಮನುಷ್ಯರೇ ಕೂತು ಓದಬೇಕು.

ಹಾಗೆ ಓದಿ ಹುಡುಕಿ ತಂದವರಿಗೆ “ಇಷ್ಟೇನಾ?” ಅನ್ನುವ ಮುಂಚೆ, ಆ ಹಳೆಯ ಸಾಲನ್ನು ಬರೆದವರು ಯಾರು, ಪಾಸು ಮಾಡಿದವರು ಯಾರು ಅಂತ ಲಾಗ್ ತೆಗೆದು ನೋಡಿ ಸ್ವಾಮಿ.