ನನ್ನ ಮೇಕೆಗೆ ನೋವು ಯಾಕಿರಬೇಕು ಸಾರ್?

ಸ್ವಲ್ಪ ಉದ್ದದ ಪೋಸ್ಟು. ಪುರುಸೊತ್ತಾದಾಗ ಓದಿ. ಬೈಯೋದಿದ್ರೆ ಪೂರ್ತಿ ಓದಿ ಬೈರಿ.

ನಲವತ್ತರ ಹತ್ತಿರ ಬಂದು ನಾನು ಎಂ.ಎ. ಕನ್ನಡಕ್ಕೆ ಸೇರಿದ್ದು ಸುಮಾರು ಜನಕ್ಕೆ ಗೊತ್ತು. ಈ ಸೆಮಿಸ್ಟರ್‌ನಲ್ಲಿ ಒಂದು ಪ್ರಾಜೆಕ್ಟ್ ಕೊಟ್ಟರು. ಇಲ್ಲಿಯವರೆಗೆ ಬರೆಯದ ಒಂದು ಪ್ರಕಾರದಲ್ಲಿ ಐದು ಪುಟ ಬರೆಯಬೇಕು, ಬರೆದ ಅನುಭವದ ಬಗ್ಗೆ ಒಂದು ಪುಟ ಟಿಪ್ಪಣಿ ಕೊಡಬೇಕು. ಒಬ್ಬ ಪತ್ತೇದಾರಿ ಕತೆ ಅಂದ, ಒಬ್ಬಳು ಗಜಲ್ ಅಂದಳು. ಮೇಷ್ಟ್ರು ಹೂಂ ಅಂದು ಬರಕೊಂಡರು. ನಾನು "ಲಲಿತ ಪ್ರಬಂಧ ಸಾರ್" ಅಂದೆ. ಮೇಷ್ಟ್ರು ಪೆನ್ನು ಕೆಳಗಿಟ್ಟರು. "ನೀವು ಆತ್ಮಕಥನ ಬರೀರಿ. ನಿಮ್ಮ ಹತ್ರ ಅನುಭವ ಇದೆ. ಅದನ್ನ ಇಲ್ಲಿ ಬೇರೆ ಯಾರೂ ಬರೆಯೋಕಾಗಲ್ಲ."

ಒಳ್ಳೆಯ ಮನುಷ್ಯ. ನಮ್ಮ ಧರಣಿಗೆ ಬಂದು ಕೂತವರು. ಅದಕ್ಕೇ ಇದನ್ನು ಬರೀತಿರೋದು. ಕೆಟ್ಟವರ ಜೊತೆ ಜಗಳ ಸುಲಭ.

ಹಠ ಮಾಡಿ ಲಲಿತ ಪ್ರಬಂಧವನ್ನೇ ತಗೊಂಡೆ. ಮೂರು ರಾತ್ರಿ ಒಂದು ಸಾಲೂ ಬರಲಿಲ್ಲ. 20 ವರ್ಷದಿಂದ ನಾನು ಬರೆದದ್ದಾದರೂ ಏನು? ಕರಪತ್ರ, ಮನವಿ, ಪತ್ರಿಕಾ ಹೇಳಿಕೆ. ಅಲ್ಲಿ ವಾಕ್ಯ ಶುರುವಾಗೋದು 'ನಾವು' ಅಂತ, ಮುಗಿಯೋದು 'ಒತ್ತಾಯಿಸುತ್ತೇವೆ' ಅಂತ. ಲಲಿತ ಪ್ರಬಂಧದಲ್ಲಿ ಯಾರನ್ನೂ ಒತ್ತಾಯಿಸುವ ಹಾಗಿಲ್ಲ. ಅಲ್ಲಿ 'ನಾನು' ಇರಬೇಕು, ಆ ನಾನಿಗೆ ಪುರುಸೊತ್ತಿರಬೇಕು, ಒಂದು ಸಣ್ಣ ವಿಷಯ ಹಿಡಿದು ಅಡ್ಡಾಡುತ್ತಾ ಹೋಗಬೇಕು. ಗೊರೂರು, ಮೂರ್ತಿರಾಯರು ಇದನ್ನು ಎಷ್ಟು ಸಲೀಸಾಗಿ ಮಾಡಿದ್ದಾರೆ! ಅವರ ಮೇಲೆ ನನಗೆ ಸಿಟ್ಟಿಲ್ಲ, ಹೊಟ್ಟೆಕಿಚ್ಚಿದೆ. ಜಗಲಿ ಮೇಲೆ ಕೂತು ಸುಮ್ಮನೆ ಯೋಚಿಸುವುದನ್ನು ಅವರಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ನಮ್ಮವ್ವನಿಗೆ ಜಗಲಿ ಅಂದ್ರೆ ಅದರ ಕೆಳಗೆ ನಿಂತು ಕೂಲಿ ಕೇಳುವ ಜಾಗ.

ನಾಲ್ಕನೇ ರಾತ್ರಿ ಅವ್ವನ ಮೇಕೆ ನೆನಪಾಯಿತು. ನಮ್ಮ ಕೇರಿಗೆ ಸ್ಮಶಾನದ ಜಾಗ ಕೊಡಿ ಅಂತ ತಾಲ್ಲೂಕು ಕಚೇರಿಗೆ ಬರೆದಿಟ್ಟಿದ್ದ ಅರ್ಜಿಯನ್ನು, 80 ಸಹಿ-ಹೆಬ್ಬೆಟ್ಟಿನ ಸಮೇತ, ಅದು ತಿಂದುಬಿಟ್ಟಿತ್ತು. ನಮ್ಮ ಅರ್ಜಿಯನ್ನು ಪೂರ್ತಿ ಅರಗಿಸಿಕೊಂಡ ಒಂದೇ ಒಂದು ಜೀವ ಅದು. ಅವ್ವ ಮೇಕೆಯ ವಂಶವನ್ನೆಲ್ಲ ಬೈದದ್ದು, "ಸದ್ಯ, ಇದಾದ್ರೂ ನೋಡ್ತಲ್ಲ ಬುಡು" ಅಂತ ಅಪ್ಪ ನಕ್ಕದ್ದು, ನಾನು ಮತ್ತೆ ಮನೆಮನೆ ಸುತ್ತಿ ಹೆಬ್ಬೆಟ್ಟು ಒತ್ತಿಸಿದ್ದು, ಅದನ್ನೇ ಬರೆದೆ. ಬರೆಯುತ್ತಾ ಒಬ್ಬನೇ ನಕ್ಕೆ. ಪೆನ್ನು ಹಿಡಿದು ನಕ್ಕದ್ದು ಅದೇ ಮೊದಲು.

ಪ್ರಬಂಧ ವಾಪಸ್ ಬಂತು. ಅಂಚಿನಲ್ಲಿ ಕೆಂಪು ಶಾಯಿ. 'ಹಾಸ್ಯ ಚೆನ್ನಾಗಿದೆ. ಆದರೆ ದಲಿತ ಬದುಕಿನ ನೋವು ಎಲ್ಲಿ?'

ಸಾರ್, ಗಜಲ್ ಬರೆದವಳಿಗೆ 'ನಿಮ್ಮ ಜಾತಿಯ ಬದುಕು ಎಲ್ಲಿ' ಅಂತ ಕೇಳಿದ್ರಾ? ಪತ್ತೇದಾರನ ಜಾತಿ ಕೇಳಿದ್ರಾ? ನನ್ನ ಮೇಕೆಗೆ ಮಾತ್ರ ಯಾಕೆ ಜಾತಿ ಪ್ರಮಾಣಪತ್ರ?

ಊರಿನಾಚೆ ಕೇರಿ ಇಟ್ಟ ಹಾಗೆ ಸಾಹಿತ್ಯದಲ್ಲೂ ನಮಗೊಂದು ಕೇರಿ ಇಟ್ಟಿದ್ದಾರೆ. ಅದರ ಹೆಸರು ನೋವು. ಅದರೊಳಗಿದ್ದರೆ ಪಠ್ಯ, ಪ್ರಶಸ್ತಿ, ಮುನ್ನುಡಿ. ಆಚೆ ಕಾಲಿಟ್ಟರೆ 'ಇದು ನಿಮ್ಮ ಪ್ರಕಾರ ಅಲ್ಲ'. ಆತ್ಮಕಥನ ಸಣ್ಣದು ಅಂತ ನಾನು ಹೇಳ್ತಿಲ್ಲ. ಅರವಿಂದ ಮಾಲಗತ್ತಿಯವರ 'ಗೌರ್ಮೆಂಟ್ ಬ್ರಾಹ್ಮಣ' ಓದಿ ಬಾಯಿ ಬಂದವನು ನಾನು. ಆದರೆ ಅದು ನಾವು ಒಡೆದು ತೆರೆದ ಬಾಗಿಲು. ಈಗ ಅದಕ್ಕೇ ಹೊರಗಿನಿಂದ ಚಿಲಕ ಹಾಕಿದರೆ ಹೇಗೆ?

ಕ್ಲಾಸಿಗೆ ಬರೆದದ್ದು ಅಂದಾಗ ಬಾಬಾಸಾಹೇಬರನ್ನು ನೆನೆಸಿಕೊಳ್ಳಿ. 1916ರ ಮೇ 9, ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯ. ಅರ್ಥಶಾಸ್ತ್ರ ಓದಲು ಹೋದ 25ರ ಯುವಕ ಗೋಲ್ಡನ್‌ವೈಸರ್ ಅವರ ಮಾನವಶಾಸ್ತ್ರದ ಸೆಮಿನಾರಿನಲ್ಲಿ 'ಭಾರತದಲ್ಲಿ ಜಾತಿಗಳು' ಅನ್ನುವ ಪ್ರಬಂಧ ಓದಿದರು. ಶಾಲೆಯಲ್ಲಿ ಜವಾನ ಬಂದು ನೀರು ಹೊಯ್ಯದಿದ್ದರೆ ಬಾಯಾರಿಯೇ ಇರಬೇಕಾಗಿದ್ದ ಹುಡುಗ ಅವರು. ಅನುಭವಕ್ಕೇನು ಬರವೇ? ಆದರೆ ಆ ದಿನ ಅವರು ಅದನ್ನು ಹೇಳಲಿಲ್ಲ. ಸೆನಾರ್ಟ್, ನೆಸ್‌ಫೀಲ್ಡ್, ರಿಸ್ಲೆ, ಕೇತ್ಕರ್ ಇವರ ವ್ಯಾಖ್ಯೆಗಳನ್ನು ಮುಂದಿಟ್ಟುಕೊಂಡು, ಎಲ್ಲೆಲ್ಲಿ ಕೊರತೆ ಅಂತ ತೋರಿಸಿ, ಜಾತಿಯ ಕೀಲು ಇರುವುದು ಜಾತಿಯೊಳಗೇ ಮದುವೆಯಾಗುವ ಪದ್ಧತಿಯಲ್ಲಿ ಅಂತ ವಾದಿಸಿದರು. ಅವತ್ತು ಯಾರಾದರೂ 'ಸಿದ್ಧಾಂತ ಬಿಡಿ, ನಿಮ್ಮ ನೋವು ಹೇಳಿ' ಅಂದಿದ್ದರೆ? 1923ರಲ್ಲಿ ರೂಪಾಯಿಯ ಸಮಸ್ಯೆ ಬಗ್ಗೆ ಪುಸ್ತಕ ಬಂತು. ತಮ್ಮ ನೋವನ್ನು ಅವರು ಆಮೇಲೆ, ತಮಗೆ ಬೇಕೆನಿಸಿದಾಗ, 'ವೇಟಿಂಗ್ ಫಾರ್ ಎ ವೀಸಾ'ದ ಕೆಲವೇ ಪುಟಗಳಲ್ಲಿ ಬರೆದರು.

ನಮ್ಮಲ್ಲೇ ನೋಡಿ. 'ಹೊಲೆಮಾದಿಗರ ಹಾಡು' ಬರೆದ ಸಿದ್ದಲಿಂಗಯ್ಯನವರೇ 'ಊರುಕೇರಿ'ಯಲ್ಲಿ ಹೊಟ್ಟೆ ಹಿಡಿದು ನಗಿಸಿದರು. ದೇವನೂರ ಮಹಾದೇವ 'ಕುಸುಮಬಾಲೆ'ಯಲ್ಲಿ ಮಂಚದ ಕೈಲೂ ಮಾತಾಡಿಸಿದರು. ಯಾರ ಅಪ್ಪಣೆ ಕೇಳಿದ್ದರು?

ಈಗ ನಮ್ಮವರಿಗೂ ಒಂದು ಮಾತು. ಪ್ರಬಂಧ ಓದಿದ ಸಂಘಟನೆಯ ತಮ್ಮನೊಬ್ಬ, "ಅಣ್ಣಾ, ದಿನಾ ದೌರ್ಜನ್ಯ ನಡೀತಿರುವಾಗ ಮೇಕೆ ಕತೆ ಬೇಕಿತ್ತಾ?" ಅಂದ. ಕೆಂಪು ಶಾಯಿಗಿಂತ ಅದು ಜಾಸ್ತಿ ಚುಚ್ಚಿತು. ಮೇಷ್ಟ್ರೂ ಅವನೂ ಕೇಳಿದ್ದು ಒಂದೇ ಅಲ್ವಾ? ಕರಪತ್ರ ನಾನು ನಿಲ್ಲಿಸಲ್ಲ ತಮ್ಮಾ, ನಾಳೆಯ ಮನವಿಯನ್ನೂ ನಾನೇ ಬರೀತೀನಿ. ಆದರೆ ನನ್ನ ಮನವಿಗಳಲ್ಲಿ 80 ಹೆಬ್ಬೆಟ್ಟಿದ್ದವು, ಅಪ್ಪನ ನಗು ಇರಲಿಲ್ಲ. ಅದಕ್ಕೆ ಜಾಗ ಸಿಕ್ಕಿದ್ದು ಈ ಐದು ಪುಟದಲ್ಲಿ. ಕೇರಿಯ ನಗುವನ್ನು ನಾವೇ ಬರೆಯದಿದ್ದರೆ, ನಾವು ಬರೀ ಅಳುವ ಜನ ಅಂತ ಊರಿನವರು ಬರೆದಿಡ್ತಾರೆ.

ಟಿಪ್ಪಣಿಯ ಒಂದು ಪುಟ ಬಾಕಿ ಇತ್ತಲ್ಲ, ನಿನ್ನೆ ಕೊಟ್ಟೆ. ಕೊನೆಯಲ್ಲಿ ಹೀಗೆ ಬರೆದಿದ್ದೀನಿ: 'ನೋವು ಇರಲೇಬೇಕು ಅಂತೇನಿಲ್ಲ ಸಾರ್. ಆದರೂ ಕೇಳಿದ್ದೀರಿ. ಮೇಕೆ ತಿಂದ ಅರ್ಜಿ ಯಾತಕ್ಕೆ ಬರೆದದ್ದು ಅಂತ ಇನ್ನೊಂದು ಸಲ ಓದಿ. ಆ ಜಾಗ ಇನ್ನೂ ಸಿಕ್ಕಿಲ್ಲ. ಅವತ್ತು ನಕ್ಕ ಅಪ್ಪನನ್ನು ಹೋದ ವರ್ಷ ಹಳ್ಳದ ದಂಡೆಯಲ್ಲಿ ಮಣ್ಣು ಮಾಡಿದ್ವಿ.'

ಮಾರ್ಕ್ಸ್ ಎಷ್ಟು ಬರುತ್ತೋ ಬರಲಿ. ನಿಮ್ಮ ಕೇರಿಯಲ್ಲೂ ಇಂಥದೊಂದು ಮೇಕೆ ಇದ್ದೇ ಇರುತ್ತೆ. ಬರೀರಿ.

ಜೈಭೀಮ್.